ಕೀಲು ಗಟ್ಟಿ ಇರಲಿ

ಶ್ರಾವಣ ಕಳೆದು ಭಾದ್ರಪದ ಬರುತ್ತಿದ್ದಂತೆ ಸಾಂಗಲಿ ಜಿಲ್ಲೆಯ ಜತ್ತ ತಾಲೂಕಿನಲ್ಲಿ ದ್ರಾಕ್ಷಿ ಕಲಮು ಕಟ್ಟುವವರಿಗೆ ಕೈತುಂಬ ಕೆಲಸ. ಬೇಸಿಗೆಯ ಮೊದಲಿಗೆ ನೆಟ್ಟ ಡಾಗ್‌ರಿಜ್ ಬೇರುಗಿಡ ಆ ಹೊತ್ತಿಗೆ ಪೆನ್ಸಿಲ್ ದಪ್ಪಕ್ಕೆ ಬಂದಿರುತ್ತದೆ. ಅದರ ತಲೆ ಸವರಿ, ನಡುಮಧ್ಯೆ ಸೀಳುತ್ತಾರೆ. ಥಾಮ್ಸನ್ನೋ ಸೊನಾಕಾನೋ, ಬೇಕಾದ ತಳಿಯ ಎರಡು ಕಣ್ಣಿನ ಕಡ್ಡಿ ತಂದು, ಅದರ ಬುಡವನ್ನು ಎರಡೂ ಮಗ್ಗುಲಿಗೆ ಕೆತ್ತಿ ಬೆಣೆ ಮಾಡಿ, ಆ ಸೀಳಿನಲ್ಲಿ ಕೂರಿಸಿ ಪ್ಲಾಸ್ಟಿಕ್ ಪಟ್ಟಿ ಬಿಗಿಯುತ್ತಾರೆ. ಕೈ ಕುದುರಿದವರು ದಿನಕ್ಕೆ ನೂರಾರು ಕಲಮು ಕಟ್ಟುತ್ತಾರೆ. ಇಷ್ಟೆಲ್ಲ ಕೆಲಸಕ್ಕೆ ಅವರ ಬಳಿ ಇರುವ ಮುಖ್ಯ ಹತಾರ ಅಂಗಿಯ ಕಿಸೆಯಲ್ಲಿ ಕೂರುವ, ಮಡಚುವ ಸಣ್ಣ ಚಾಕು.

ನೋಡಲು ಅದು ತೀರ ಸಾಮಾನ್ಯ. ಬೆರಳುದ್ದದ ಅಲಗು, ಮರದ ಇಲ್ಲವೇ ಪ್ಲಾಸ್ಟಿಕ್ಕಿನ ಹಿಡಿಕೆ, ಎರಡನ್ನೂ ಜೋಡಿಸುವ ಒಂದು ಕೀಲು. ಅಲಗಿನ ಒಂದು ಮಗ್ಗುಲಿಗೆ ಮಾತ್ರ ಸಾಣೆ, ಇನ್ನೊಂದು ಮಗ್ಗುಲು ಚಪ್ಪಟೆ. ಆ ಚಪ್ಪಟೆ ಮಗ್ಗುಲು ಕಡ್ಡಿಗೆ ಆತುಕೊಂಡು ಸಾಗಿದಾಗ ಕೆತ್ತಿದ ಮುಖ ಏರುತಗ್ಗಿಲ್ಲದೆ ಬರುತ್ತದೆ. ಬೇರುಗಿಡದ ತೊಗಟೆಯ ಕೆಳಗಿರುವ ಹಸಿರು ಪದರವೂ ಕಡ್ಡಿಯ ಹಸಿರು ಪದರವೂ ಒಂದಕ್ಕೊಂದು ತಾಗಿ ನಿಂತರೆ ಕಲಮು ಹಿಡಿಯುತ್ತದೆ. ನಡುವೆ ಸಂದು ಉಳಿದರೆ ಕಡ್ಡಿ ಒಣಗುವ ಸಂಭವವೇ ಹೆಚ್ಚು. ಅಲಗು ಎಷ್ಟೇ ಹರಿತವಾಗಿರಲಿ, ಕೀಲು ಸಡಿಲಾಗಿದ್ದರೆ ಅದು ಕಡ್ಡಿಯ ಮೇಲೆ ಅತ್ತಿತ್ತ ಹೊರಳಿ ಮುಖವನ್ನು ಹಾಳು ಮಾಡುತ್ತದೆ. ಅದಕ್ಕೇ ಕಲಮು ಕಟ್ಟುವವರು ಹೊಸ ಚಾಕು ಕೈಗೆ ಬಂದರೆ ಮೊದಲು ಅಲುಗಾಡಿಸಿ ನೋಡುವುದು ಕೀಲನ್ನು.

ಈ ಕೀಲಿನ ಬಗ್ಗೆ ಬರೆಯಲು ಕಾರಣವಿದೆ. ಗುಡ್ಡಾಪುರದ ದಾನಮ್ಮದೇವಿ ಜಾತ್ರೆಗೋ ಜತ್ತದ ಯಲ್ಲಮ್ಮನ ಜಾತ್ರೆಗೋ ಹೋದರೆ ಉಗುರು ಕತ್ತರಿಯೊಳಗೆ ಅಡಗಿದ ಚಾಕು, ಬೀಗದ ಕೈಗೊಂಚಲಿಗೆ ನೇತುಹಾಕುವ ಚಾಕು ಬಗೆಬಗೆಯಾಗಿ ಸಿಗುತ್ತವೆ. ಇನ್ನು ಮೊಬೈಲ್ ಪರದೆಯ ಮೇಲಂತೂ ಲೆಕ್ಕವಿಲ್ಲ: ಗುಂಡಿ ಒತ್ತಿದರೆ ಚಿಮ್ಮುವುದು, ಹಿಡಿಕೆ ಎರಡಾಗಿ ಬಿಚ್ಚಿಕೊಳ್ಳುವುದು, ಅಡ್ಡಪಟ್ಟಿ ತಳ್ಳಿದರೆ ಸನ್ನೆಕೋಲುಗಳು ಹೊರಳಿ ಅಲಗು ಮುಂದೆ ಬಂದು ನಿಲ್ಲುವುದು. ಹುಡುಗರು ಇವನ್ನು ಕಣ್ಣರಳಿಸಿ ನೋಡುತ್ತಾರೆ. ಅದರಲ್ಲಿ ತಪ್ಪೇನೂ ಇಲ್ಲ; ಇಷ್ಟು ಚಿಕ್ಕ ಜಾಗದಲ್ಲಿ ಇಷ್ಟೊಂದು ಚಲನೆ ಅಡಗಿಸುವ ಕುಶಲತೆಗೆ ನಾನೂ ಮನಸೋತವನೇ. ಆದರೆ ಮಡಚುವ ಚಾಕುವಿನ ಕೀಲಿಗೆ ಎರಡು ಕೆಲಸ. ಅಲಗು ತೆರೆದುಕೊಳ್ಳುವಂತೆ ಮಾಡುವುದು ಒಂದು, ತೆರೆದ ಅಲಗು ತಾನಾಗಿ ಮಡಚಿಕೊಳ್ಳದಂತೆ ನಿಲ್ಲಿಸುವುದು ಇನ್ನೊಂದು. ವಿಚಿತ್ರ ಯಂತ್ರಗಳ ಜಾಣ್ಮೆಯೆಲ್ಲ ಬಹುಮಟ್ಟಿಗೆ ಮೊದಲನೆಯ ಕೆಲಸಕ್ಕೆ ಸಂದಿದೆ. ದುಡಿಯುವವರ ಬೆರಳು ಉಳಿಯುವುದು ಎರಡನೆಯದರಿಂದ.

ಮಡಚುವ ಚಾಕು ಬಹಳ ಹಳೆಯದು. ಆಸ್ಟ್ರಿಯಾದ ಹಾಲ್‌ಸ್ಟಾಟ್‌ನಲ್ಲಿ ಸಿಕ್ಕಿರುವುದು ಕ್ರಿಸ್ತಪೂರ್ವ 600–500ರ ಸುಮಾರಿನದು. ಆ ಹಳೆಯ ಮಾದರಿಯಲ್ಲಿ ಸ್ಪ್ರಿಂಗ್ ಇಲ್ಲ, ಕೊಂಡಿ ಇಲ್ಲ. ಒಂದು ಮೊಳೆ, ಅದರ ಬಿಗಿತ, ಅಷ್ಟೇ. ಹಾಗಿದ್ದರೆ ಅಲಗನ್ನು ನಿಲ್ಲಿಸುವುದು ಯಾವುದು? ಹಿಡಿದ ಕೈಯೇ. ಊರ ಕ್ಷೌರದಂಗಡಿಯ ಹಳೆಯ ಕತ್ತಿಯನ್ನು ನೆನಪಿಸಿಕೊಂಡರೆ ಇದು ತಿಳಿಯುತ್ತದೆ. ಅಲಗಿನ ಹಿಂದೆ ಬಾಲದ ಹಾಗೆ ಚಾಚಿದ ತುಂಡಿನ ಮೇಲೆ ಬೆರಳು ಕೂರುತ್ತದೆ. ಬೆರಳು ಅಲ್ಲಿರುವವರೆಗೆ ಕತ್ತಿ ಮಡಚುವುದಿಲ್ಲ. ಜಪಾನಿನ ಮಿಕಿ ಪಟ್ಟಣದಲ್ಲಿ 19ನೇ ಶತಮಾನದ ಕೊನೆಗೆ ಹುಟ್ಟಿದ ಹಿಗೊನೊಕಾಮಿ ಚಾಕುವಿನದೂ ಇದೇ ಉಪಾಯ, ಹೆಬ್ಬೆರಳಿಗೆ ಸಿಗುವ ಒಂದು ಪುಟ್ಟ ಬಾಲ. ಕೆಡಲು ಅದರಲ್ಲಿ ಏನೂ ಇಲ್ಲ. ಸಡಿಲಾದರೆ ಮೊಳೆಯ ತಲೆಗೆ ಸುತ್ತಿಗೆಯ ಒಂದು ಹೊಡೆತ.

ಆಮೇಲೆ ಹಿಡಿಕೆಯ ಬೆನ್ನಿಗೆ ಪಟ್ಟಿ ಸ್ಪ್ರಿಂಗ್ ಬಂತು. ನಮ್ಮ ಕಿಸೆಯ ಚಾಕುಗಳಲ್ಲಿ ಬಹುಪಾಲು ಇವತ್ತಿಗೂ ಈ ಬಗೆಯವೇ. ತೆರೆದಾಗ ಸ್ಪ್ರಿಂಗ್ ಅಲಗಿನ ಬುಡವನ್ನು ಒತ್ತಿ ಹಿಡಿಯುತ್ತದೆ, ಮಡಚಿದಾಗಲೂ ಒತ್ತಿ ಹಿಡಿಯುತ್ತದೆ. ಸ್ವಿಟ್ಜರ್‌ಲೆಂಡಿನ ಕಾರ್ಲ್ ಎಲ್ಸೆನರ್ 1897ರಲ್ಲಿ ತಂದ ಅಧಿಕಾರಿಗಳ ಚಾಕುವಿನಲ್ಲಿ ಒಂದೇ ಸ್ಪ್ರಿಂಗ್ ಹಿಡಿಕೆಯ ಎರಡೂ ಬದಿಯ ಅಲಗುಗಳನ್ನು ಹಿಡಿಯುವಂತಾಯಿತು. ತೂಕ ಇಳಿಯಿತು, ಉಪಯೋಗ ಹೆಚ್ಚಿತು. ಚಾಕುವಿನ ಚರಿತ್ರೆಯಲ್ಲಿ ಇದಕ್ಕಿಂತ ಒಳ್ಳೆಯ ಯೋಚನೆ ಹೆಚ್ಚಿಲ್ಲ. ಆದರೆ ಈ ಸ್ಪ್ರಿಂಗ್ ಅಲಗನ್ನು ಒತ್ತುತ್ತದೆಯೇ ಹೊರತು ಕಟ್ಟಿಹಾಕುವುದಿಲ್ಲ. ಹನಿ ನೀರಾವರಿಯ ಪೈಪಿಗೆ ತೂತು ಕೊರೆಯಲು ಚಾಕುವಿನ ತುದಿ ಊರಿ ಒತ್ತಿದಾಗ, ಒಣಕಟ್ಟಿಗೆಯೊಳಗೆ ಸಿಕ್ಕಿಕೊಂಡ ಅಲಗನ್ನು ಹಿಂದಕ್ಕೆ ಎಳೆದಾಗ, ಬಲ ಬೀಳುವುದು ಅಲಗಿನ ಬೆನ್ನಿಗೆ. ಸ್ಪ್ರಿಂಗ್ ಸೋಲುತ್ತದೆ, ಅಲಗು ಮಡಚಿಕೊಂಡು ತೋರುಬೆರಳ ಮೇಲೆ ಬೀಳುತ್ತದೆ. ತೋಟದಲ್ಲಿ ಕೈ ಕುಯ್ದುಕೊಂಡವರನ್ನು ಕೇಳಿ ನೋಡಿ, ಹಲವರದು ಇದೇ ಕತೆ.

ಇದಕ್ಕೆ ಉತ್ತರ ಹುಡುಕಿದವರಲ್ಲಿ ಸ್ಪೇನಿನ ಚಾಕುಗಾರರು ದೊಡ್ಡ ಹೆಸರು. ಅವರ ನವಾಹ ಎಂಬ ಉದ್ದನೆಯ ಮಡಚು ಚಾಕುವಿನಲ್ಲಿ ಅಲಗಿನ ಬುಡಕ್ಕೆ ಹಲ್ಲುಗಳನ್ನು ಕಡೆದಿರುತ್ತಾರೆ. ತೆರೆಯುತ್ತ ಹೋದಂತೆ ಬೆನ್ನಿನ ಸ್ಪ್ರಿಂಗ್ ಒಂದೊಂದು ಹಲ್ಲಿಗೂ ಬಿದ್ದು ಕಟಕಟ ಸದ್ದಾಗುತ್ತದೆ. ಅಲಗು ಅರ್ಧಕ್ಕೆ ನಿಂತರೂ ಹಿಂದಕ್ಕೆ ಬರುವುದಿಲ್ಲ. ಮಡಚಬೇಕೆಂದರೆ ಸ್ಪ್ರಿಂಗಿಗೆ ಕಟ್ಟಿದ ಉಂಗುರ ಎತ್ತಬೇಕು. ಜರ್ಮನಿಯಲ್ಲಿ ಹುಟ್ಟಿ ಆಫ್ರಿಕಾದ ಹೊಲಗಳಿಗೆ ಹೋದ ಒಕಾಪಿ ಚಾಕುವಿನದೂ ಇದೇ ಹಲ್ಲು, ಇದೇ ಉಂಗುರ. ಉತ್ತರಪ್ರದೇಶದ ರಾಂಪುರದ ಕೆಲಸಗಾರರು ಇದನ್ನು ಗರಾರಿ ಎಂದು ಕರೆದರು. ಸದ್ದು ಕೇಳಿ ಹೆದರುವವರು ಇದ್ದದ್ದರಿಂದ ಆ ಚಾಕುವಿಗೆ ಕೆಟ್ಟ ಹೆಸರು ಬಂತು, ನಿಜ. ಆದರೆ ಯಂತ್ರವನ್ನಷ್ಟೇ ನೋಡಿದರೆ ಗರಾರಿ ಬೆರಳು ಕಾಯುವ ವಿದ್ಯೆ.

ರಾಂಪುರಿ ಚಾಕುವಿನ ಕೆಟ್ಟ ಹೆಸರಿನಲ್ಲಿ ಸಿನಿಮಾದ ಪಾಲು ದೊಡ್ಡದು. 1965ರ ಹಿಂದಿ ಚಿತ್ರ ‘ವಕ್ತ್’ನಲ್ಲಿ ಮಡಚು ಚಾಕು ಹಿಡಿದು ಮಾತಾಡಿದ ರಾಜ್‌ಕುಮಾರ್ (ನಮ್ಮ ಅಣ್ಣಾವ್ರಲ್ಲ, ಹಿಂದಿಯವರು) ಆ ದೃಶ್ಯದಿಂದಲೂ ನೆನಪಿನಲ್ಲಿ ಉಳಿದಿದ್ದಾರೆ. ಆಮೇಲಿನ ಇಪ್ಪತ್ತು ವರ್ಷ ಖಳನಾಯಕನ ಕೈಗೆ ಗುಂಡಿ ಚಾಕು ಬಾರದೆ ಹೊಡೆದಾಟದ ಚಿತ್ರ ಮುಗಿಯಲೇ ಇಲ್ಲ. ಕೊನೆಗೆ 1990ರ ದಶಕದಲ್ಲಿ ಉತ್ತರಪ್ರದೇಶ ಸರ್ಕಾರ ನಾಲ್ಕೂವರೆ ಇಂಚಿಗಿಂತ ಉದ್ದದ ಅಲಗಿಗೆ ತಡೆ ಹಾಕಿತು, ರಾಂಪುರದ ಎಷ್ಟೋ ಕುಲುಮೆಗಳು ಆರಿದವು. 2023ರ ಮಾರ್ಚಿನಲ್ಲಿ ಅದೇ ರಾಂಪುರ ತನ್ನ ಚೌಕವೊಂದರಲ್ಲಿ ಇಪ್ಪತ್ತು ಅಡಿ ಉದ್ದದ ಚಾಕು ನಿಲ್ಲಿಸಿ ಆ ಕಸುಬಿಗೆ ಗೌರವ ಸಲ್ಲಿಸಿತು. ಕುಶಲಕರ್ಮಿಗೆ ಸಲ್ಲಬೇಕಾದದ್ದು ಇಷ್ಟು ತಡವಾಗಿ ಸಂದಿತಲ್ಲ ಎಂದು ನನಗೆ ಬೇಸರ.

ಕಾನೂನಿನ ಕಣ್ಣು ಹೆಚ್ಚಾಗಿ ಚಾಕು ತೆರೆಯುವ ಬಗೆಯ ಮೇಲೆಯೇ ಬಿದ್ದಿದೆ. ಅಮೆರಿಕ 1958ರಲ್ಲಿ, ಬ್ರಿಟನ್ 1959ರಲ್ಲಿ ಚಿಮ್ಮುವ ಚಾಕುಗಳ ವಿರುದ್ಧ ಕಾಯ್ದೆ ತಂದವು. ದೆಹಲಿ ಆಡಳಿತ 1980ರ ಅಕ್ಟೋಬರ್ 29ರಂದು ಹೊರಡಿಸಿದ ಅಧಿಸೂಚನೆ ಸ್ಪ್ರಿಂಗಿನಿಂದ ತೆರೆಯುವ, ಗರಾರಿ ಇರುವ, ಗುಂಡಿ ಇರುವ, ಬೇರಾವುದೇ ಯಂತ್ರದಿಂದ ತೆರೆದು ಮುಚ್ಚುವ ಚಾಕುಗಳನ್ನು ಹೆಸರಿಟ್ಟು ಹೇಳಿ, ಅಲಗು 7.62 ಸೆಂಟಿಮೀಟರ್ ಅಥವಾ ಹೆಚ್ಚು ಉದ್ದ, 1.72 ಸೆಂಟಿಮೀಟರ್ ಅಥವಾ ಹೆಚ್ಚು ಅಗಲ ಇದ್ದರೆ ನಿಯಂತ್ರಣಕ್ಕೆ ತಂದಿತು. ದೇಶಕ್ಕೆಲ್ಲ ಅನ್ವಯಿಸುವ ಶಸ್ತ್ರಾಸ್ತ್ರ ನಿಯಮಗಳ ಅಳತೆ ಬೇರೆ: 9 ಇಂಚಿಗಿಂತ ಉದ್ದ ಇಲ್ಲವೇ 2 ಇಂಚಿಗಿಂತ ಅಗಲದ ಅಲಗು ಆಯುಧಗಳ ಪಟ್ಟಿಗೆ ಸೇರುತ್ತದೆ, ಮನೆಬಳಕೆಗೂ ಕೃಷಿಗೂ ಕೈಗಾರಿಕೆಗೂ ಮಾಡಿದವು ಅದರಿಂದ ಹೊರಗೆ. ಜತ್ತದಿಂದ ವಿಜಯಪುರದ ಬಸ್ಸು ಹತ್ತುವ ರೈತನ ಕಿಸೆಯಲ್ಲಿರುವ ಕಲಮಿನ ಚಾಕು ಯಾರಿಗೂ ಆತಂಕ ತರುವುದಿಲ್ಲ. ಅದೇ ಕೆಲಸಕ್ಕೆಂದು ಚಿಮ್ಮುವ ಚಾಕು ತರಿಸಿಕೊಂಡವನು ಮಾತ್ರ ನಾಕಾಬಂದಿಯಲ್ಲಿ ಅದನ್ನು ವಿವರಿಸಬೇಕಾಗಿ ಬರಬಹುದು. ತೋಟದಲ್ಲಿ ಏನೂ ಹೆಚ್ಚಿನ ಕೆಲಸ ಮಾಡದ ಒಂದು ಗುಂಡಿಗಾಗಿ ಆ ತೊಂದರೆ ಏಕೆ?

ಒಂದೇ ಕೈಯಲ್ಲಿ ತೆರೆಯುವ ಅಗತ್ಯ ಸುಳ್ಳೆಂದು ನಾನು ಹೇಳುತ್ತಿಲ್ಲ. ಮಾಡಗ್ಯಾಳದ ಕುರಿ ಎತ್ತರದ ಜಾತಿ, ಗಿಳಿಮೂಗು, ಗಟ್ಟಿ ಮೈ. ಅಂಥ ಟಗರಿನ ಗೊರಸಿನಲ್ಲಿ ಮುಳ್ಳು ಮುರಿದಿದೆ ಎನ್ನಿ. ಕುರಿಗಾರನ ಎಡಗೈ ಕಾಲನ್ನು ಬಿಡುವಂತಿಲ್ಲ. ಬಲಗೈಯೊಂದರಲ್ಲೇ ಚಾಕು ತೆಗೆದು ತೆರೆಯಬೇಕು, ಇಲ್ಲದಿದ್ದರೆ ಅಲಗನ್ನು ಹಲ್ಲಿನಲ್ಲಿ ಕಚ್ಚಿ ಎಳೆಯಬೇಕು. ಹಲ್ಲಿನಿಂದ ತೆರೆಯುವವರು ನಮ್ಮಲ್ಲಿ ಕಡಿಮೆ ಇಲ್ಲ. ಅಮೆರಿಕದ ಸ್ಯಾಲ್ ಗ್ಲೆಸರ್ ಈ ಕಷ್ಟಕ್ಕೆ 1981ರಲ್ಲಿ ಕೊಟ್ಟ ಪರಿಹಾರ ಅಲಗಿನ ಬುಡದ ಹತ್ತಿರ ಒಂದು ದುಂಡನೆ ತೂತು. ಹೆಬ್ಬೆರಳಿನ ಮಾಂಸ ಆ ತೂತಿನೊಳಗೆ ಹಿಡಿದುಕೊಳ್ಳುತ್ತದೆ, ತಳ್ಳಿದರೆ ಅಲಗು ಸರಿದು ತೆರೆಯುತ್ತದೆ. ಸ್ಪ್ರಿಂಗ್ ಸೇರಿಸಲಿಲ್ಲ, ಗುಂಡಿ ಸೇರಿಸಲಿಲ್ಲ. ಇದ್ದ ಉಕ್ಕಿನಲ್ಲೇ ಸ್ವಲ್ಪ ತೆಗೆದುಹಾಕಿದರು. ತೆರೆಯುವ ಯಂತ್ರಗಳಲ್ಲಿ ನನಗೆ ಅತ್ಯಂತ ಇಷ್ಟವಾದದ್ದು ಇದು.

ನಿಲ್ಲಿಸುವ ಯಂತ್ರಗಳಲ್ಲಿ ಅಷ್ಟೇ ಸರಳವಾದದ್ದು ಫ್ರಾನ್ಸಿನ ಸವಾಯ್ ಬೆಟ್ಟಸೀಮೆಯದು. ಜೋಸೆಫ್ ಒಪಿನೆಲ್ 1890ರಲ್ಲಿ ರೈತರಿಗೆಂದೇ ಮರದ ಹಿಡಿಕೆಯ ಚಾಕು ಮಾಡಲು ಶುರುಮಾಡಿದ. 1955ರಲ್ಲಿ ಆ ಮನೆತನ ಅದರ ಕುತ್ತಿಗೆಗೆ ತಿರುಗುವ ಒಂದು ಲೋಹದ ಬಳೆ ತೊಡಿಸಿತು. ಬಳೆಗೆ ಒಂದು ಕಡೆ ಸೀಳು. ಸೀಳು ಅಲಗಿನ ನೇರಕ್ಕಿದ್ದರೆ ಚಾಕು ಮಡಚುತ್ತದೆ, ಬಳೆ ತಿರುಗಿಸಿದರೆ ಅಲಗಿನ ಬುಡಕ್ಕೆ ಗೋಡೆ ಕಟ್ಟಿದ ಹಾಗಾಗುತ್ತದೆ. ಮಗುವಿಗೂ ನೋಡಿದರೆ ಅರ್ಥವಾಗುತ್ತದೆ. ಬಳೆ ಹಾಕಿದೆಯೋ ಇಲ್ಲವೋ ಎಂಬುದು ಕತ್ತಲಲ್ಲಿ ಬೆರಳಿಗೇ ತಿಳಿಯುತ್ತದೆ.

1980ರ ದಶಕದಲ್ಲಿ ಅಮೆರಿಕದ ಮೈಕೆಲ್ ವಾಕರ್ ರೂಢಿಗೆ ತಂದ ಲೈನರ್ ಲಾಕ್ ಇನ್ನೊಂದು ದಾರಿ. ಹಿಡಿಕೆಯ ಒಳಗಿನ ತಗಡನ್ನು ಉದ್ದಕ್ಕೆ ಸೀಳಿ ಒಳಕ್ಕೆ ಬಾಗಿಸಿರುತ್ತಾರೆ. ಅಲಗು ಪೂರ್ತಿ ತೆರೆದ ಕ್ಷಣ ಆ ತಗಡು ಸರಿದು ಅಲಗಿನ ಬುಡದ ಹಿಂದೆ ನಿಲ್ಲುತ್ತದೆ. ದಕ್ಷಿಣ ಆಫ್ರಿಕಾ ಮೂಲದ ಕ್ರಿಸ್ ರೀವ್ ತೆಳು ತಗಡಿನ ಬದಲು ಹಿಡಿಕೆಯ ದಪ್ಪ ಗೋಡೆಯನ್ನೇ ಸೀಳಿ ಆ ಕೆಲಸ ಮಾಡಿಸಿದರು. 1998ರಲ್ಲಿ ಬೆಂಚ್‌ಮೇಡ್ ಕಂಪನಿ ಮಾರುಕಟ್ಟೆಗೆ ತಂದ ಆಕ್ಸಿಸ್ ಲಾಕ್‌ನಲ್ಲಿ ಎರಡು ಬಾಗಿದ ತಂತಿ ಸ್ಪ್ರಿಂಗುಗಳು ಅಡ್ಡಕಂಬಿಯೊಂದನ್ನು ಮುಂದಕ್ಕೆ ದೂಡಿ ಅಲಗಿನ ಬುಡಕ್ಕೆ ಬೆಣೆ ಹಾಕುತ್ತವೆ. ಹಿಡಿತ ಬಲವಾದದ್ದು, ಎಡಗೈಗೂ ಬಲಗೈಗೂ ಒಂದೇ. ಆದರೆ ಆ ತಂತಿ ಮುರಿದರೆ? ಹಿಡಿಕೆಯನ್ನು ಕೂಡಿಸಿರುವುದು ನಕ್ಷತ್ರದ ತಲೆಯ ಸಣ್ಣ ಸ್ಕ್ರೂಗಳಿಂದ. ಅದನ್ನು ಬಿಚ್ಚುವ ಹತಾರ ಸಂಖದಲ್ಲೋ ಉಮದಿಯಲ್ಲೋ ಯಾರ ಹತ್ತಿರ ಇದ್ದೀತು? ಊರೂರು ತಿರುಗುವ ಬೈಲ ಕಮ್ಮಾರರು ಕುಡುಗೋಲಿಗೆ ಹಲ್ಲು ಹಾಕಬಲ್ಲರು, ಕೊಡಲಿಗೆ ಬಾಯಿ ಕಟ್ಟಬಲ್ಲರು, ಮೊಳೆ ಬಡಿದು ಕೀಲು ಬಿಗಿ ಮಾಡಬಲ್ಲರು. ಈ ತಂತಿಯ ಮುಂದೆ ಅವರ ಕುಲುಮೆಗೆ ಕೆಲಸವಿಲ್ಲ.

ಅಲ್ಲಿಂದ ಮುಂದೆ ಹೋದಂತೆ ಯಂತ್ರ ತನಗಾಗಿಯೇ ಬೆಳೆಯುತ್ತದೆ. ಹಿಡಿಕೆಯ ಮೂತಿಯಿಂದ ನೇರವಾಗಿ ಹೊರಚಿಮ್ಮಿ, ಅದೇ ಗುಂಡಿಯಿಂದ ಒಳಹೋಗುವ ಚಾಕುವಿನಲ್ಲಿ ಅಲಗು ಹಳಿಯ ಮೇಲೆ ಓಡುತ್ತದೆ. ದಾರಿಯಲ್ಲಿ ಏನಾದರೂ ಅಡ್ಡ ಬಂದರೆ ಅಲಗು ಕೊಂಡಿಯಿಂದ ಕಳಚಿಕೊಂಡು ಅರ್ಧಕ್ಕೇ ನಿಂತುಬಿಡುತ್ತದೆ. ಕೈಯಿಂದ ಎಳೆದು ಮತ್ತೆ ಕೂರಿಸಬೇಕು. ಫಿಲಿಪ್ಪೀನ್ಸಿನ ಬಟಾಂಗಾಸ್ ಪ್ರಾಂತದ ಬಲಿಸಾಂಗ್‌ಗೆ ಎರಡು ಹಿಡಿಕೆ, ಎರಡು ಕೀಲು. ತೆರೆದು ಮುಷ್ಟಿಯಲ್ಲಿ ಹಿಡಿದಾಗ ಅಷ್ಟು ಭದ್ರವಾದ ಮಡಚು ಚಾಕು ಇನ್ನೊಂದಿಲ್ಲ, ಕಲಿಯುವಷ್ಟರಲ್ಲಿ ಮಾತ್ರ ಬೆರಳುಗಳಿಗೆ ಗಾಯವಾಗಿರುತ್ತದೆ. 2019ರಲ್ಲಿ ಬಂದ ಪ್ರೊವೋಕ್, ಜೋ ಕ್ಯಾಸ್‌ವೆಲ್ ಎಂಬುವರ ರಚನೆ. ಅದರಲ್ಲಿ ಅಲಗು ತಿರುಗುವುದೇ ಇಲ್ಲ. ಎರಡು ಸನ್ನೆಕೋಲುಗಳ ಮೇಲೆ ಎದ್ದು, ಮುಂದಕ್ಕೆ ಸರಿದು, ಕೂರುತ್ತದೆ. ಒಂದು ಕೀಲು ಮಾಡುವ ಕೆಲಸಕ್ಕೆ ಅಲ್ಲಿ ಹಲವು ಕೀಲುಗಳು. ಎಂಜಿನಿಯರಿಂಗ್ ಓದುವ ಮಕ್ಕಳು ಅದನ್ನು ಕೈಯಲ್ಲಿ ಹಿಡಿದು ನೋಡಲೇಬೇಕು. ದಾಳಿಂಬೆ ತೋಟಕ್ಕೆ ತರಬಾರದು.

ಇಂಥ ಆಸೆ ಪಶ್ಚಿಮದವರಿಗೆ ಮಾತ್ರ ಹುಟ್ಟಿದ್ದಲ್ಲ. ವಿಜಯನಗರ ಕಾಲದಿಂದ ದಕ್ಷಿಣದಲ್ಲಿ ಹೆಸರಾದ ಕಟಾರಿಯಲ್ಲೇ ಕತ್ತರಿ ಕಟಾರಿ ಎಂಬ ಬಗೆಯೊಂದಿದೆ. ವಸ್ತುಸಂಗ್ರಹಾಲಯಗಳಲ್ಲಿ 18–19ನೇ ಶತಮಾನದವು ಕಾಣಸಿಗುತ್ತವೆ. ಹಿಡಿಯ ಎರಡು ಅಡ್ಡಪಟ್ಟಿಗಳನ್ನು ಮುಷ್ಟಿಯಲ್ಲಿ ಹಿಸುಕಿದರೆ ಅಲಗು ಎರಡಾಗಿ ಅಗಲಿ, ಒಳಗೆ ಅಡಗಿದ್ದ ಮೂರನೆಯ ಅಲಗು ಹೊರಗೆ ಕಾಣುತ್ತದೆ. ನೋಡಿದವರು ಬೆರಗಾಗುತ್ತಾರೆ. ಆದರೆ ಕಟಾರಿಯ ಬಲವಿರುವುದು ಅದರ ದಪ್ಪ, ಗಟ್ಟಿ ಮೊನೆಯಲ್ಲಿ. ಅದನ್ನು ಸೀಳಿ ಟೊಳ್ಳು ಮಾಡಿ ಕೀಲು ಜೋಡಿಸಿದ ಮೇಲೆ ಆ ಬಲವೇ ಹೋಯಿತು. ದರ್ಬಾರಿನಲ್ಲಿ ತೋರಿಸಲು ಮಾಡಿದ ವಸ್ತು ಅದು ಎಂದೇ ನನ್ನ ಅಭಿಪ್ರಾಯ.

ಆಯುಧಗಳಿಗೆ ಸಾಣೆ ಹಿಡಿದು ಹೊಳಪು ಕೊಡುತ್ತಿದ್ದ ಶಿಕಲಗಾರರು ನಮ್ಮ ಸಾಂಗಲಿ ಜಿಲ್ಲೆಯ ಮಿರಜದಲ್ಲಿ ಇದ್ದಾರೆ. ಬ್ರಿಟಿಷರ ಕಾಲದಲ್ಲಿ ಕತ್ತಿ ಕಟಾರಿಗಳಿಗೆ ಬೇಡಿಕೆ ಇಳಿದಾಗ, 19ನೇ ಶತಮಾನದ ನಡುವಿನಲ್ಲಿ, ಅವರಲ್ಲೊಬ್ಬರಾದ ಫರೀದಸಾಹೇಬರ ಕಾಲಕ್ಕೆ ಆ ಮನೆತನ ತಂಬೂರಿ, ಸಿತಾರ್ ಮಾಡುವುದಕ್ಕೆ ತಿರುಗಿತು. ಇವತ್ತು ಹಿಂದೂಸ್ತಾನಿ ಗಾಯಕರ ಬೆನ್ನ ಹಿಂದೆ ಮಿಡಿಯುವ ತಂಬೂರಿಗಳಲ್ಲಿ ಎಷ್ಟೋ ಮಿರಜದವು. 2024ರಲ್ಲಿ ಮಿರಜದ ಸಿತಾರ್ ಮತ್ತು ತಂಬೂರಿಗೆ ಭೌಗೋಳಿಕ ಗುರುತೂ ಸಿಕ್ಕಿತು. ಆ ತಂಬೂರಿಯ ಬಿರಡೆಯನ್ನು ಒಮ್ಮೆ ನೋಡಿ. ತಂತಿ ಹಗಲಿರುಳು ಎಳೆಯುತ್ತಿರುತ್ತದೆ. ಬಿರಡೆಗೆ ಹಲ್ಲಿಲ್ಲ, ಕೊಂಡಿಯಿಲ್ಲ, ಸ್ಪ್ರಿಂಗ್ ಇಲ್ಲ. ತೂತಿನ ಅಳತೆಗೆ ಸರಿಯಾಗಿ ಓರೆ ಮಾಡಿ ಕೂರಿಸಿದ ಮರದ ಬಿಗಿತವೊಂದೇ ಶ್ರುತಿ ಹಿಡಿದು ನಿಲ್ಲಿಸುತ್ತದೆ. ಒಂದು ಮೊಳೆಯ ಚಾಕುವಿನ ಕೀಲು ನಿಲ್ಲುವುದೂ ಅಂಥದೇ ಬಿಗಿತದ ಮೇಲೆ, ಮತ್ತು ಅದನ್ನು ಸರಿಯಾಗಿ ಕೂರಿಸುವ ಕೈ ಇನ್ನೂ ಈ ಜಿಲ್ಲೆಯಲ್ಲೇ ಇದೆ.

ಜತ್ತದ ನೆಲಕ್ಕೆ ಬಂದರೆ ಚಾಕುವಿನ ಮುಖ್ಯ ಶತ್ರು ಧೂಳು. ಬರದ ಸೀಮೆ, ಮಳೆ ಕೈಕೊಟ್ಟ ವರ್ಷ ದಾರಿ, ಬಂಡಿ, ಬಟ್ಟೆ ಎಲ್ಲದರ ಮೇಲೂ ಧೂಳು. ಹಿಡಿಕೆಯೊಳಗೆ ಸೇರಿದ ಧೂಳು ದ್ರಾಕ್ಷಿ ಕಡ್ಡಿಯ ರಸದ ಜೊತೆ ಕಲೆತು ಗಟ್ಟಿಯಾಗುತ್ತದೆ. ತೆರೆದ ಬೆನ್ನಿನ ಚಾಕುವಾದರೆ ಕಡ್ಡಿಯಿಂದ ಕೆದರಿ ತೆಗೆಯಬಹುದು. ಮುಚ್ಚಿದ ಹಿಡಿಕೆಯೊಳಗೆ ಹಳಿ, ಸ್ಪ್ರಿಂಗ್, ಕೊಂಡಿ ಇರುವ ಚಾಕುವಾದರೆ ಆ ಹೂಳು ಅಲ್ಲೇ ಉಳಿಯುತ್ತದೆ.

ದಾಳಿಂಬೆಯಲ್ಲಿ ಇದು ಇನ್ನೂ ಗಂಭೀರ. ನಮ್ಮ ಕಡೆ ತೇಲ್ಯಾ ಎನ್ನುವ ದುಂಡಾಣು ರೋಗ ಎಲೆ ಕಾಯಿಗಳ ಮೇಲೆ ಎಣ್ಣೆ ಚುಕ್ಕೆ ಎಬ್ಬಿಸಿ, ಕಾಯಿ ಸೀಳಿಸಿ, ತೋಟ ತೋಟವನ್ನೇ ನುಂಗಿದ್ದನ್ನು ಈ ಸೀಮೆಯ ರೈತರು ಕಂಡಿದ್ದಾರೆ. ರೋಗದ ದುಂಡಾಣು ಗಾಯದೊಳಗಿಂದ ಗಿಡ ಹೊಗುತ್ತದೆ. ಒಂದು ಗಿಡ ಸವರಿದ ಕತ್ತರಿ, ಚಾಕು ಅದನ್ನು ಮುಂದಿನ ಗಿಡಕ್ಕೆ ಒಯ್ಯುತ್ತದೆ. ಅದಕ್ಕೇ ಗಿಡದಿಂದ ಗಿಡಕ್ಕೆ ಹೋಗುವಾಗ ಹತಾರವನ್ನು ಸೋಡಿಯಂ ಹೈಪೋಕ್ಲೋರೈಟ್ ದ್ರಾವಣದಲ್ಲಿ ಅದ್ದಿ ಶುದ್ಧ ಮಾಡಬೇಕು. 2005ರಿಂದ ಪಕ್ಕದ ಸೋಲಾಪುರದಲ್ಲೇ ರಾಷ್ಟ್ರೀಯ ದಾಳಿಂಬೆ ಸಂಶೋಧನಾ ಕೇಂದ್ರ ಇದೆ, ತೋಟಕ್ಕೆ ತಕ್ಕ ಸಲಹೆ ಅಲ್ಲಿಂದ ಪಡೆಯಬಹುದು. ಈಗ ಯೋಚಿಸಿ: ದ್ರಾವಣ ಅಲಗಿಗೆ ತಾಗಿತು, ಕೀಲಿನ ಸಂದಿಯಲ್ಲಿ ಉಳಿದ ರಸಕ್ಕೆ ತಾಗಲಿಲ್ಲ. ಜೊತೆಗೆ ಆ ದ್ರಾವಣ ಉಕ್ಕನ್ನು ತಿನ್ನುತ್ತದೆ. ತೆಳು ತಂತಿ ಸ್ಪ್ರಿಂಗ್ ಮೊದಲು ಬಲಿಯಾಗುತ್ತದೆ. ಯಂತ್ರ ಜಟಿಲವಾದಷ್ಟೂ ತೊಳೆಯಲಾಗದ ಮೂಲೆ ಹೆಚ್ಚು. ದಾಳಿಂಬೆ ಬೆಳೆಯುವವರು ಈ ಒಂದು ಕಾರಣಕ್ಕಾದರೂ ಅಲಂಕಾರದ ಚಾಕುವನ್ನು ತೋಟದ ಹೊರಗೆ ಇಡಬೇಕೆಂದು ನಾನು ಒತ್ತಿ ಹೇಳುತ್ತೇನೆ.

ದೊಡ್ಡ ಬಲದ ಕೆಲಸಕ್ಕೆ ಮಡಚುವ ಚಾಕುವೇ ಬೇಡ. ಕಬ್ಬು ಕಡಿಯುವ ಕೊಯ್ತಾಕ್ಕೆ ಕೀಲಿಲ್ಲ, ಜೋಳ ಕೊಯ್ಯುವ ಕುಡುಗೋಲಿಗೆ ಕೀಲಿಲ್ಲ.

ಚಾಕು ಕೊಳ್ಳುವಾಗ ಅಂಗಡಿಯಲ್ಲೇ ಪರೀಕ್ಷೆ ಮಾಡಿ. ತೆರೆದು, ಅಲಗಿನ ತುದಿಯನ್ನು ಬಟ್ಟೆಯಲ್ಲಿ ಹಿಡಿದು ಎಡಬಲಕ್ಕೆ ಅಲುಗಿಸಿ. ಆಟ ಕಂಡರೆ ಕೆಳಗಿಡಿ. ಲಾಕ್ ಇದೆ ಎಂದರೆ ಬೆರಳುಗಳನ್ನು ಹಾದಿಯಿಂದ ದೂರವಿಟ್ಟು ಅಲಗಿನ ಬೆನ್ನನ್ನು ಮರದ ಹಲಗೆಗೆ ಒತ್ತಿ ನೋಡಿ, ಜಾರಬಾರದು. ಮಡಚಿದಾಗ ಅಲಗು ಹಿಡಿಕೆಯ ನಡುವೆ ನೇರ ಕೂರಬೇಕು, ಒಂದು ಗೋಡೆಗೆ ಒರಗಬಾರದು. ಹಿಡಿಕೆಯನ್ನು ಬೆಳಕಿಗೆ ಹಿಡಿದಾಗ ಒಂದು ಕಡೆಯಿಂದ ಇನ್ನೊಂದು ಕಡೆ ಕಾಣುವಂತಿದ್ದರೆ ಒಳ್ಳೆಯದು, ತೊಳೆದ ನೀರು ಹರಿದು ಹೋಗುತ್ತದೆ. ಕೆಲಸ ಮುಗಿದ ಸಂಜೆ ಸಿಹಿನೀರಿನಲ್ಲಿ ತೊಳೆದು, ಒರೆಸಿ, ಬಿಸಿಲಿಗಿಟ್ಟು, ಕೀಲಿಗೆ ಎಣ್ಣೆ ಬಿಡಿ. ಮನೆಯಲ್ಲಿ ಕುಸುಬಿ ಎಣ್ಣೆ ಇದೆಯೆಂದು ಅದನ್ನು ಹಾಕಬೇಡಿ. ಕುಸುಬಿ ಎಣ್ಣೆ ಗಾಳಿಗೆ ಒಣಗಿ ಅಂಟಾಗಿ ಕೀಲನ್ನೇ ಹಿಡಿದುಬಿಡುತ್ತದೆ. ಹೊಲಿಗೆ ಯಂತ್ರಕ್ಕೆ ಹಾಕುವ ತೆಳು ಎಣ್ಣೆ ಒಂದು ಹನಿ ಸಾಕು, ಹೆಚ್ಚಾದದ್ದನ್ನು ಒರೆಸಿಬಿಡಿ; ಉಳಿದರೆ ಅದೂ ಧೂಳು ಹಿಡಿಯುತ್ತದೆ.